ಕೂಸಪ್ಪ ಮಾವನ ಎರಡು ಸುರಂಗ

ಕೂಸಪ್ಪ ಮಾವನ ಮನೆಯ ಚಾವಡಿಯ ಗೋಡೆಯಲ್ಲಿ ಒಂದು ಫೋಟೋ ಉಂಟು. ಬಿಳಿ ಅಂಗಿ, ನೀಲಿ ಟೈ, ಎದುರಿಗೆ ಗಾಜು ಹಾಸಿದ ದೊಡ್ಡ ಮೇಜು, ಮೇಜಿನ ಮೇಲೆ ಎರಡು ಟೆಲಿಫೋನು, ಹಿಂದೆ ಗೋಡೆಯಲ್ಲಿ ಎಸಿ. ಮದುವೆಯಾಗಿ ಬಂದ ಮೊದಲ ವಾರವೇ ಅವರ ಹೆಂಡತಿ ಲೋಲಾಕ್ಷಿ ಅತ್ತೆ ನನ್ನನ್ನು ಅದರ ಎದುರು ನಿಲ್ಲಿಸಿ, ಸೆರಗಿನಿಂದ ಗಾಜು ಒರಸಿ, "ನಿನ್ನ ಮಾವ ಒಮಾನಿನ ಆಫೀಸಿನಲ್ಲಿ" ಎಂದಿದ್ದರು. ಮೂಡಬಿದಿರೆಯಿಂದ ನನ್ನ ಅಪ್ಪ ಅಮ್ಮ ಬಂದಾಗಲೂ ಅದೇ ಫೋಟೋ, ಅದೇ ಸೆರಗು.

ಕೂಸಪ್ಪ ಮಾವ ನನ್ನ ಗಂಡ ನಿತೇಶರ ಸೋದರಮಾವ. ಅರುವತ್ತೊಂದು ವರ್ಷ. ಸಣ್ಣ ಆಳು, ಬಳ್ಳಿಯ ಹಾಗೆ ಸಪೂರ. ಇಪ್ಪತ್ತನಾಲ್ಕು ವರ್ಷ ಒಮಾನಿನಲ್ಲಿದ್ದು ಏಳು ವರ್ಷದ ಹಿಂದೆ ಊರಿಗೆ ಬಂದವರು. ಏನು ಮಾತಾಡಿದರೂ "ನಮ್ಮ ಒಮಾನಿನಲ್ಲಿ" ಎಂದೇ ಶುರು. ಬಿಸಿಲಾದರೆ ನಮ್ಮ ಒಮಾನಿನಲ್ಲಿ ಇದು ಬಿಸಿಲೇ ಅಲ್ಲ, ಚಾ ಸಪ್ಪೆಯಾದರೆ ನಮ್ಮ ಒಮಾನಿನಲ್ಲಿ ಇದನ್ನು ಆಡಿಗೂ ಕುಡಿಸುವುದಿಲ್ಲ. ಹಾಗಾಗಿ ಊರಿಡೀ ಅವರಿಗೆ ಒಮಾನ್ ಕೂಸಪ್ಪ ಎಂದೇ ಹೆಸರು. ಅಲ್ಲಿ ಎಂತ ಕೆಲಸ ಎಂದು ಕೇಳಿದರೆ ಮಾತ್ರ "ಕಂಪನಿಯಲ್ಲಿ" ಎಂದು ಹೇಳಿ ಎಲೆಯಡಿಕೆಯ ಡಬ್ಬಿ ತೆರೆಯುತ್ತಿದ್ದರು.

ನಾವಿರುವುದು ಬಂಟ್ವಾಳ ತಾಲೂಕಿನ ಅಂಚು. ಇನ್ನೊಂದು ಗುಡ್ಡೆ ದಾಟಿದರೆ ಬೆಳ್ತಂಗಡಿ ತಾಲೂಕು. ಗುಡ್ಡೆಯ ಇಳಿಜಾರಿನಲ್ಲಿ ನಾಲ್ಕೇ ಮನೆ. ಎಲ್ಲಕ್ಕಿಂತ ಮೇಲೆ ಶಶಿಪ್ರಭಾ ಟೀಚರದ್ದು. ಅವರು ಗುರುವಾಯನಕೆರೆಯ ಕಡೆ ಶಾಲೆಯಲ್ಲಿ ಕಲಿಸಿ ರಿಟೈರ್ ಆದವರು. ಅವರಿಗಿಂತ ಕೆಳಗೆ ಮೂಸಬ್ಬಾಕ, ಸ್ಕೂಟರಿನಲ್ಲಿ ಮೀನು ಮಾರುವವರು. ಆಮೇಲೆ ಕೂಸಪ್ಪ ಮಾವ, ಕೊನೆಗೆ ನಾವು. ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಗೆ ನೀರು ನುಗ್ಗಿದ್ದನ್ನು ಟಿವಿಯಲ್ಲಿ ನೋಡಿ "ಅಯ್ಯೋ" ಎನ್ನುವ ನಾವೇ ಮಾರ್ಚ್ ಬಂತೆಂದರೆ ಕೊಡ ಹಿಡಿದು ನಿಲ್ಲುತ್ತೇವೆ. ಈ ಮುರಕಲ್ಲಿನ ಗುಡ್ಡೆಯಲ್ಲಿ ಬಾವಿ ತೋಡಿದರೆ ಕಲ್ಲೇ ಸಿಗುವುದು. ನಾಲ್ಕು ಮನೆಗೂ ನೀರು ಕೊಡುವುದು ಒಂದು ಸುರಂಗ.

ಸುರಂಗ ಎಂದರೆ ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದ ದಾರಿ. ಒಬ್ಬ ಮನುಷ್ಯ ಬೆನ್ನು ಬಗ್ಗಿಸಿ ಹೋಗುವಷ್ಟು ಎತ್ತರ. ಒಳಗೆ ಕಲ್ಲಿನ ಸಂದಿನಲ್ಲಿ ಒಸರುವ ನೀರು ನೆಲದ ಕಣಿಯಲ್ಲಿ ಹರಿದು ತಾನಾಗಿಯೇ ಹೊರಗೆ ಬಂದು ತೊಟ್ಟಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ನಮ್ಮ ಸುರಂಗವನ್ನು ತೋಡಿದ್ದು ಕೂಸಪ್ಪ ಮಾವನ ತಂದೆ ತುಕ್ರಪ್ಪ ಗೌಡರು. ನಲುವತ್ತು ಕೋಲು, ಅಂದರೆ ಸರಿಯಾಗಿ ನೂರು ಅಡಿ. ಐದು ಬೇಸಗೆ ಹಿಡಿಯಿತಂತೆ.

ನಾನು ಮೂಡಬಿದಿರೆಯಲ್ಲಿ ನಲ್ಲಿ ತಿರುಗಿಸಿ ಬೆಳೆದವಳು. ಇಲ್ಲಿ ಬಂದ ಮೇಲೆ ನೀರಿಗೆ ಕಾಯುವುದನ್ನು ಕಲಿತೆ. ಕಳೆದ ವರ್ಷ ಮಗಳು ಹುಟ್ಟಿದ ಮೇಲೆ ಡೈರಿ ಬರೆಯುವ ನನ್ನ ಹಳೆಯ ಅಭ್ಯಾಸಕ್ಕೆ ಹೊಸ ಕೆಲಸ ಸಿಕ್ಕಿತು. ಮಗು ಎಷ್ಟು ಹೊತ್ತಿಗೆ ಮಲಗಿತು, ಎಷ್ಟು ಸಲ ಎದ್ದಿತು, ಯಾವಾಗ ಎಣ್ಣೆ ಹಚ್ಚಿದೆ. ಅದರ ಜೊತೆಗೆ ಇನ್ನೊಂದು ಸಾಲು: ಸ್ನಾನದ ನೀರಿಗೆ ಕೊಡ ತುಂಬಲು ಎಷ್ಟು ನಿಮಿಷ. ಒಲೆಗೆ ಬೆಂಕಿ ಯಾವಾಗ ಹಾಕಬೇಕು ಎಂದು ಗೊತ್ತಾಗಲಿಕ್ಕೆ ಅಷ್ಟೆ. ನಿತೇಶ್ ಅದನ್ನು ನೋಡಿ ನಗುತ್ತಿದ್ದರು. "ನೀನು ನೀರಿನ ಇಲಾಖೆಯಲ್ಲಿ ಇರಬೇಕಿತ್ತು ಮಾರಾಯ್ತಿ."

ಈ ವರ್ಷ ಫೆಬ್ರವರಿ ಮುಗಿಯುವ ಮೊದಲೇ ಸುರಂಗದ ನೀರು ಬೆರಳು ದಪ್ಪಕ್ಕೆ ಇಳಿಯಿತು. ಮಾರ್ಚ್ ಮೊದಲ ವಾರ ಅದೂ ಇಲ್ಲ, ದಾರದ ಹಾಗೆ ಒಂದು ಎಳೆ. ನಾನು ಮಗುವಿನ ಬಟ್ಟೆಯನ್ನು ಎರಡು ದಿನಕ್ಕೊಮ್ಮೆ ಒಗೆಯತೊಡಗಿದೆ. ಮೂಸಬ್ಬಾಕನ ಹೆಂಡತಿ ಮಾಜಿದಾ ಮೀನಿನ ಬಾಕ್ಸುಗಳನ್ನು ತೊಳೆಯಲು ಸ್ಕೂಟರಿನಲ್ಲಿ ಕೆಳಗಿನ ಹೊಳೆಗೇ ಕಳಿಸುತ್ತಿದ್ದರು.

ಆ ಶನಿವಾರ ಶಶಿಪ್ರಭಾ ಟೀಚರ್ ನಾಲ್ಕೂ ಮನೆಯವರನ್ನು ತಮ್ಮ ಅಂಗಳಕ್ಕೆ ಕರೆದರು. ಹಾಜರಿ ಕರೆಯುವ ಹಾಗೆ ಒಬ್ಬೊಬ್ಬರನ್ನೇ ನೋಡಿ, "ಎಲ್ಲ ಬಂದಾಯ್ತಲ್ಲ?" ಎಂದರು. ಬೋರ್‌ವೆಲ್ ಕೊರೆಸುವುದೆಂದು ನಿಶ್ಚಯ ಮಾಡಿದ್ದರು. ಜಾಗವನ್ನೂ ತೋರಿಸಿಯಾಗಿತ್ತು: ಅವರ ಮನೆಯ ಹಿಂದಿನ ಸಮತಟ್ಟು. ಒಂಬತ್ತು ದಿನ ಬಿಟ್ಟು ಸೋಮವಾರ ಗಾಡಿ ಬರುತ್ತದೆ.

"ಅಲ್ಲಿ ಬೇಡ ಟೀಚರ್" ಎಂದರು ಕೂಸಪ್ಪ ಮಾವ. "ಸುರಂಗದ ಬುಡಕ್ಕೇ ತೂತು ಹಾಕಿದ ಹಾಗೆ ಆಗ್ತದೆ. ಇರುವ ನೀರೆಲ್ಲ ಪಾತಾಳಕ್ಕೆ ಇಳಿದು ಹೋಗ್ತದೆ. ಮತ್ತೆ ಸುರಂಗ ಈ ಜನ್ಮದಲ್ಲಿ ಬದುಕುವುದಿಲ್ಲ."

"ಈಗ ಬದುಕಿ ಉಂಟಾ ಅದು? ಒಂದು ಕೊಡಕ್ಕೆ ಕಾಲು ಗಂಟೆ!"

"ಒಳಗೆ ಹೋಗಿ ನೋಡುವ. ಮಣ್ಣು ತೆಗೆಯುವ."

ಟೀಚರ್ ಕನ್ನಡಕ ಸರಿಮಾಡಿಕೊಂಡರು. "ಕೂಸಪ್ಪ, ನಿಮ್ಮ ಎಸಿ ಆಫೀಸಿನಲ್ಲಿ ಸುರಂಗದ ಪಾಠವನ್ನೂ ಹೇಳಿಕೊಡ್ತಿದ್ದರಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಮಾವ ನಗಲಿಲ್ಲ. ಬಾಯಿ ತೆರೆದವರು ಲೋಲಾಕ್ಷಿ ಅತ್ತೆಯ ಮುಖ ನೋಡಿ ಮುಚ್ಚಿಕೊಂಡರು. ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದರು.

ಮರುದಿನ ಬೆಳಿಗ್ಗೆ ನಾನು ಜಗಲಿಯಲ್ಲಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದೆ. ಮಾವ ಬಂದು ಮೆಟ್ಟಿಲಲ್ಲಿ ಕೂತರು.

"ಮಗಾ, ನೀನು ನೀರಿನ ಲೆಕ್ಕ ಬರೆದಿಡ್ತಿ ಅಂತ ನಿತೇಶ ಹೇಳ್ತಿದ್ದ. ಹೌದಾ?"

"ಬರೀ ಕೊಡ ತುಂಬುವ ನಿಮಿಷ ಮಾವ."

"ಅದೇ ಸಾಕು. ನೀರು ಸ್ವಲ್ಪ ಸ್ವಲ್ಪವೇ ಕಮ್ಮಿಯಾದದ್ದಾ, ಒಂದೇ ಸಲಕ್ಕಾ? ಓದಿ ಹೇಳು."

ಎಣ್ಣೆ ಕೈಯಲ್ಲೇ ಡೈರಿ ತೆರೆದೆ. ಆ ಪುಟದಲ್ಲಿ ನನ್ನ ಹೆಬ್ಬೆರಳ ಗುರುತು ಈಗಲೂ ಉಂಟು. ಜನವರಿಯಿಡೀ ಎರಡು ನಿಮಿಷ. ಫೆಬ್ರವರಿ ಹದಿನೈದಕ್ಕೆ ಎರಡೂ ಕಾಲು. ಹದಿನಾರಕ್ಕೆ ಎರಡೂ ಕಾಲು. ಹದಿನೇಳು: "ಮಗು ಹಗಲಿಡೀ ಮಲಗಲಿಲ್ಲ. ಟೀಚರ ಮನೆ ಹಿಂದೆ ಜೇಸಿಬಿ. ಪಾತ್ರೆಗಳೆಲ್ಲ ಗಡಗಡ." ಹದಿನೆಂಟು: "ಕೊಡಕ್ಕೆ ಒಂಬತ್ತು ನಿಮಿಷ. ನೀರು ಕೆಂಪು."

ಓದುತ್ತಾ ಓದುತ್ತಾ ನನ್ನ ಸ್ವರವೇ ಬದಲಾಯಿತು. ಟೀಚರ ಮಗಳ ಕಾರು ನಿಲ್ಲಿಸಲಿಕ್ಕೆಂದು ಮಾಡಿದ ಸಮತಟ್ಟು ಅದು. ಸುರಂಗ ಗುಡ್ಡೆಯೊಳಗೆ ಯಾವ ದಿಕ್ಕಿಗೆ ಹೋಗುತ್ತದೆ ಎಂದು ಅವತ್ತು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಬಾಯಿಗೆ ಸಿಮೆಂಟು ಹಾಕಿ, ಪೈಪು ಸಿಕ್ಕಿಸಿ, ಇಪ್ಪತ್ತು ವರ್ಷದಿಂದ ಯಾರೂ ಒಳಗೆ ಇಣುಕಿಯೂ ನೋಡಿರಲಿಲ್ಲ. ನಮ್ಮ ನೀರಿನ ತಲೆಯ ಮೇಲೆಯೇ ಜೇಸಿಬಿ ನಡೆಸಿ, ಅದು ಮುಗಿದ ದಿನ ನಾವೆಲ್ಲ ಅಲ್ಲೇ ನಿಂತು ಪಾಯಸ ಉಂಡಿದ್ದೆವು.

ಮಾವ ಮಗುವಿನ ಪಾದ ಹಿಡಿದುಕೊಂಡು, ಅದಕ್ಕೇ ಹೇಳುವ ಹಾಗೆ ಹೇಳಿದರು:

"ಖಲ್ಫಾನ್ ಅಂತ ಒಬ್ಬ ಮುದುಕ ಇದ್ದ. ಅವನು ಹೇಳ್ತಿದ್ದ, ನೀರು ದಿನಾ ಸ್ವಲ್ಪ ಸ್ವಲ್ಪ ಇಳಿದರೆ ಗುಡ್ಡೆಗೇ ಬಾಯಾರಿದೆ ಅಂತ ತಿಳಿ, ಕಾಯಬೇಕು. ಒಂದೇ ದಿನಕ್ಕೆ ಇಳಿದರೆ ಒಳಗೆ ಎಂತದೋ ಕುಸಿದಿದೆ, ಇಳಿಯಬೇಕು ಅಂತ."

"ಕಂಪನಿಯವರಾ ಮಾವ?"

"ಕಂಪನಿ ಎಲ್ಲಿಯದ್ದು ಮಗಾ" ಎಂದರು.

ಅವತ್ತು ಅವರು ಹೇಳಿದ್ದನ್ನೆಲ್ಲ ಮಗು ಮಲಗಿದ ಕೂಡಲೇ ಬರೆದಿಟ್ಟೆ.

ತುಕ್ರಪ್ಪ ಗೌಡರು ಸುರಂಗ ತೋಡುವಾಗ ಕೂಸಪ್ಪ ಮಾವನಿಗೆ ಹನ್ನೊಂದು ವರ್ಷ. ತಂದೆ ಒಳಗೆ ಕಡಿದ ಮಣ್ಣನ್ನು ಅಡಿಕೆ ಹಾಳೆಯಲ್ಲಿ ತುಂಬಿ ಹೊರಗೆ ಎಳೆಯುವುದು ಇವರ ಕೆಲಸ. ಶಾಲೆಗೆ ಹೋದರೆ ತಲೆಗೂದಲಲ್ಲಿ ಸುರಂಗದ ಜಿಗುಟು ಶೇಡಿಮಣ್ಣು. ಮಕ್ಕಳು "ಹೆಗ್ಗಣ" ಎಂದು ಕರೆಯುತ್ತಿದ್ದರಂತೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟರು. "ಬೇಕಾದರೆ ಬೇಡಿ ತಿನ್ನುತ್ತೇನೆ, ಆ ತೂತಿನೊಳಗೆ, ಆ ಮಾಟೆಯೊಳಗೆ ಮತ್ತೆ ಹೋಗುವುದಿಲ್ಲ" ಎಂದು ತಂದೆಯ ಮುಖಕ್ಕೆ ಹೇಳಿದ್ದರು. ಮೂವತ್ತರಲ್ಲಿ, ಮದುವೆಯಾದ ಎರಡನೇ ವರ್ಷ, ವೀಸಾ ಸಿಕ್ಕಿತು. ಆಫೀಸಿನಲ್ಲಿ ಕೆಲಸ ಎಂದು ಏಜೆಂಟ್ ಹೇಳಿದ್ದ. ಊರಿಡೀ ಬಂದು ಬೀಳ್ಕೊಟ್ಟಿತು.

"ವಿಮಾನ ಇಳಿದು ಪಿಕಪ್ಪಿನಲ್ಲಿ ನಾಲ್ಕು ಗಂಟೆ. ಎಲ್ಲಿ ನೋಡಿದರೂ ಬೋಳು ಗುಡ್ಡೆ. ಹುಲ್ಲಿಲ್ಲ, ಮಣ್ಣಿಲ್ಲ, ಸುಟ್ಟ ಇಟ್ಟಿಗೆಯ ಹಾಗೆ ಕಲ್ಲು. ಇಲ್ಲಿ ಮನುಷ್ಯರು ಎಂತ ಕುಡಿದು ಬದುಕುವುದು ಅಂತ ಹೆದರಿಕೆಯಾಯ್ತು. ಗುಡ್ಡೆಯ ಬುಡಕ್ಕೆ ಬಂದರೆ ಹಸಿರು! ಖರ್ಜೂರದ ತೋಟ. ಮರದ ಬುಡದಲ್ಲಿ ಕಣಿ, ಕಣಿಯಲ್ಲಿ ನೀರು ಓಡ್ತಾ ಉಂಟು. ಮರುದಿನ ಬೆಳಿಗ್ಗೆ ಆ ಖಲ್ಫಾನ್ ನನ್ನನ್ನು ಗುಡ್ಡೆಗೆ ಕರಕೊಂಡು ಹೋದ. ನೆಲದಲ್ಲಿ ಒಂದು ತೂತು. ಕೈಗೆ ಹಗ್ಗ ಕೊಟ್ಟ, ದೀಪ ಕೊಟ್ಟ. ಕೆಳಗೆ ಕೈ ತೋರಿಸಿದ."

ಅದು ಸುರಂಗ. ಅಲ್ಲಿ ಅದಕ್ಕೆ ಫಲಜ್ ಎನ್ನುತ್ತಾರೆ. ನಮ್ಮದರ ಅಜ್ಜನ ಅಜ್ಜ, ಮೈಲುಗಟ್ಟಲೆ ಉದ್ದ. ಗುಡ್ಡೆಯ ಬುಡದಿಂದ ನೀರನ್ನು ಊರಿಗೆ ತರುವುದು. ಅದರ ಒಳಗೆ ಇಳಿದು ಕುಸಿದ ಮಣ್ಣು ತೆಗೆಯುವುದು ಕೆಲಸ. ಯಾವ ಮಾಟೆಯಿಂದ ತಪ್ಪಿಸಿಕೊಳ್ಳಲು ಸಮುದ್ರ ದಾಟಿದರೋ ಅದೇ ಮಾಟೆ ಅಲ್ಲಿ ಬಾಯಿ ತೆರೆದು ಕಾಯುತ್ತಿತ್ತು.

"ಮೊದಲ ದಿನ ಒಳಗೆ ಕೂತು ಮನಸ್ಸು ತುಂಬ ಅತ್ತೆ ಮಗಾ. ಆಮೇಲೆ ಕೈ ತಾನಾಗಿಯೇ ಕೆಲಸ ಮಾಡಿತು. ದೀಪ ಮಂಕಾದರೆ ಹೊರಗೆ ಬಾ ಅಂತ ನನ್ನ ಅಪ್ಪ ಹೇಳಿದ್ದನ್ನೇ ಅವನು ಅರಬಿಯಲ್ಲಿ ಹೇಳಿದ. ಹಗ್ಗ ಒಮ್ಮೆ ಜಗ್ಗಿದರೆ ನಿಲ್ಲಿಸು, ಎರಡು ಸಲ ಜಗ್ಗಿದರೆ ಎಳೆ. ಅದೂ ಒಂದೇ. ನೀರು ಮೊದಲು ಕುಡಿಯುವುದಕ್ಕೆ, ಆಮೇಲೆ ತೋಟಕ್ಕೆ. ತೋಟಕ್ಕೆ ಸರದಿ. ಸರದಿ ತಪ್ಪಿದರೆ ಜಗಳ. ಭಾಷೆ ಗೊತ್ತಿಲ್ಲದಿದ್ದರೂ ಆ ಬೈಗಳೆಲ್ಲ ನನಗೆ ಅರ್ಥ ಆಗ್ತಿತ್ತು, ನೋಡು. ನಮ್ಮಲ್ಲಿ ಬಂದವರಿಗೆ ಬೆಲ್ಲ ನೀರು ಕೊಟ್ಟು ಆಮೇಲೆ ಮಾತು, ಅಲ್ಲಿ ಖರ್ಜೂರ, ಅವರ ಕಾಫಿ ಕಾವಾ ಕೊಟ್ಟು ಆಮೇಲೆ ಮಾತು. ಒಂದು ವರ್ಷ ಆಗುವಾಗ ನನಗೆ ಅದು ಪರದೇಶ ಅಂತ ಅನ್ನಿಸಲೇ ಇಲ್ಲ."

"ಮತ್ತೆ ಆ ಫೋಟೋ?"

"ಅದು ತೋಟದ ದಣಿಯ ಮಗನ ಮೇಜು. ಅವನದ್ದೇ ಟೈ. ಅಪ್ಪನಿಗೆ ಎಂತ ಅಂತ ಬರೆಯಲಿ? ನಿಮ್ಮ ಕೆಲಸ ಬೇಡ ಅಂತ ಓಡಿ ಬಂದು ನಿಮ್ಮದೇ ಕೆಲಸ ಮಾಡ್ತಿದ್ದೇನೆ ಅಂತಲಾ? ಅಪ್ಪ ಆ ಫೋಟೋ ನೋಡಿಕೊಂಡೇ ತೀರಿಕೊಂಡರು. ಲೋಲಾಕ್ಷಿ ಅದನ್ನು ದಿನಾ ಒರಸ್ತಾಳೆ. ಹೇಗೆ ಹೇಳಲಿ ಈಗ?"

ಮಗು ಅವರ ಬೆರಳು ಬಾಯಿಗೆ ಹಾಕಿಕೊಂಡಿತ್ತು. ನನಗೆ ದೊಡ್ಡ ಮಾತು ಆಡಲು ಬರುವುದಿಲ್ಲ. "ಮಾವ, ಸೋಮವಾರಕ್ಕೆ ಎಂಟು ದಿನ ಉಂಟು" ಎಂದೆ. "ಹೇಳದಿದ್ದರೆ ಫೋಟೋ ಉಳಿಯುತ್ತದೆ. ಸುರಂಗ ಹೋಗುತ್ತದೆ."

ಅವರು ಎದ್ದು ಪಂಚೆ ಕೊಡವಿ ಸೀದಾ ಟೀಚರ ಮನೆಯ ಮೆಟ್ಟಿಲು ಹತ್ತಿದರು. ನಾನು ಎಣ್ಣೆ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಹಿಂದಿನಿಂದ ಓಡಿದೆ. ಡೈರಿ ಕಂಕುಳಲ್ಲಿ. ದಾರಿಯಲ್ಲಿ ಮೂಸಬ್ಬಾಕನನ್ನು ಕರೆದೆ, ಅತ್ತೆಯನ್ನು ಕರೆದೆ.

ಟೀಚರ ಅಂಗಳದಲ್ಲಿ ಮಾವ ಎಲ್ಲ ಹೇಳಿದರು. ಮೇಜು, ಟೈ, ಖಲ್ಫಾನ್, ಇಪ್ಪತ್ತನಾಲ್ಕು ವರ್ಷದ ಮಣ್ಣು. ಹೇಳುವಾಗ ಯಾರನ್ನೂ ನೋಡಲಿಲ್ಲ, ಎದುರಿನ ದಾಸವಾಳದ ಗಿಡವನ್ನೇ ನೋಡಿದರು.

ಮೊದಲು ಬಾಯಿ ಬಿಟ್ಟದ್ದು ಲೋಲಾಕ್ಷಿ ಅತ್ತೆ. "ಇಷ್ಟೇನಾ?"

"ಇಷ್ಟೇನಾ ಅಂದರೆ?"

"ಎಸಿ ಆಫೀಸಿನಲ್ಲಿ ಕೂತವರ ಮೊಣಕಾಲು ಒಂಟೆಯ ಮೊಣಕಾಲಿನ ಹಾಗೆ ಇರ್ತದಾ? ಮೊದಲ ಸಲ ರಜೆಯಲ್ಲಿ ಬಂದಾಗಲೇ ನನಗೆ ಗೊತ್ತಾಗಿದೆ. ಉಗುರಿನೊಳಗಿನ ಮಣ್ಣು ತೆಗೆಯಲಿಕ್ಕೆ ನನಗೆ ಎರಡು ದಿನ ಹಿಡಿಯಿತು."

"ಮತ್ತೆ ಆ ಫೋಟೋ ಯಾಕೆ ಒರಸ್ತಿದ್ದೆ ಮಾರಾಯ್ತಿ?"

"ನೀವು ಆಸೆಯಿಂದ ಕಳಿಸಿದ್ದು. ಒರಸದಿದ್ದರೆ ನಿಮಗೆ ಬೇಜಾರಾಗ್ತದೆ ಅಂತ!"

ಮೂಸಬ್ಬಾಕ ನಕ್ಕ ನಗುವಿಗೆ ಟೀಚರ ಕೋಳಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಮಾವ ಮಾತ್ರ ಹೆಂಡತಿಯನ್ನು ಹೊಸದಾಗಿ ನೋಡುವವರ ಹಾಗೆ ನೋಡುತ್ತಾ ನಿಂತಿದ್ದರು.

ನಾನು ಡೈರಿಯ ಆ ಪುಟ ತೆರೆದು ಟೀಚರ ಕೈಗೆ ಕೊಟ್ಟೆ. ಅವರು ಉತ್ತರಪತ್ರಿಕೆ ನೋಡುವ ಹಾಗೆ ಎರಡು ಸಲ ಓದಿದರು. ಜೇಸಿಬಿಯ ಸಾಲಿಗೆ ಬಂದಾಗ ಅವರ ಮುಖ ಸಣ್ಣದಾಯಿತು. ಪುಸ್ತಕ ಮುಚ್ಚಿ ನನಗೆ ಕೊಟ್ಟು, "ಗಾಡಿ ಬರುವುದು ಸೋಮವಾರ" ಎಂದರು. "ಅಷ್ಟರೊಳಗೆ ನೀರು ಬಂದರೆ ನಾನೇ ಫೋನು ಮಾಡಿ ಬೇಡ ಅಂತ ಹೇಳ್ತೇನೆ. ಬರದಿದ್ದರೆ ಮಾತ್ರ ಕೂಸಪ್ಪ, ನನ್ನನ್ನು ದೂರಬೇಡಿ. ಈ ಮಗುವಿಗೂ ನೀರು ಬೇಕಲ್ಲ."

ಮರುದಿನ, ಸೋಮವಾರ ನಸುಕಿಗೇ ಕೆಲಸ ಶುರು. ಮೂಸಬ್ಬಾಕನಿಗೆ ರಂಝಾನಿನ ಉಪವಾಸ. "ನೀನು ಬೇಡ ಮೂಸಬ್ಬ, ಗಂಟಲು ಒಣಗಿ ಬೀಳ್ತಿ" ಎಂದು ಮಾವ ಹೇಳಿದರೂ ಕೇಳಲಿಲ್ಲ. "ಒಮಾನಿನಲ್ಲಿ ಉಪವಾಸದ ತಿಂಗಳು ಬಂದರೆ ಫಲಜಿಗೆ ಕುಸಿಯಬೇಡ ಅಂತ ಹೇಳ್ತಿದ್ದರಾ ಕೂಸಪ್ಪಣ್ಣ?"

"ನಸುಕಿಗೆ ಇಳಿಯುವುದು, ಹನ್ನೊಂದಕ್ಕೆ ಮೇಲೆ ಬರುವುದು. ಹಾಗೆ ಮಾಡ್ತಿದ್ದೆವು."

"ಹಾಗಾದರೆ ಇಲ್ಲಿಯೂ ಹಾಗೇ ಮಾಡುವ."

ಮಾವ ಮುಂದೆ, ಹಣೆಗೆ ಟಾರ್ಚು, ಕೈಯಲ್ಲಿ ಚಿಮಣಿ ದೀಪ. ಟಾರ್ಚು ಇದ್ದರೂ ದೀಪ ಬೇಕೇ ಬೇಕು, ಗಾಳಿ ಕೆಟ್ಟರೆ ಅದು ಮೊದಲು ಹೇಳುತ್ತದೆ. ಅವರ ಹಿಂದೆ ನಿತೇಶ್. ಅವರು ಗುರುವಾಯನಕೆರೆಯ ಶಾಲೆಯ ವ್ಯಾನು ಓಡಿಸುವವರು. ಬೆಳಗ್ಗಿನ ಟ್ರಿಪ್ಪಿಗೆ ಆ ವಾರ ಬೇರೆಯವರನ್ನು ಒಪ್ಪಿಸಿದ್ದರು. ಹೊರಗೆ ಹಗ್ಗ ಎಳೆಯಲು ಮೂಸಬ್ಬಾಕ. ಬಾಯಿಯ ಸಿಮೆಂಟು ಒಡೆದಾಗ ಒಳಗಿನಿಂದ ತಣ್ಣನೆಯ ಮಣ್ಣಿನ ವಾಸನೆ ಬಂತು. ಮಾವ ಒಂದು ಸಲ ಮೂಗೆಳೆದು, "ಎರಡೂ ಕಡೆ ಇದೇ ವಾಸನೆ" ಎಂದು ಒಳಗೆ ಹೋದರು.

ಇಪ್ಪತ್ತಾರು ಕೋಲು ಹೋದ ಮೇಲೆ ದಾರಿ ಮುಗಿದಿತ್ತು. ತಲೆಯ ಮೇಲಿನ ಮಾಡು ಕುಸಿದು ಮುರಕಲ್ಲು, ಮಣ್ಣು ಸೇರಿ ಗೋಡೆಯಾಗಿತ್ತು. ಮಾವ ಹೊರಗೆ ಬಂದು ಗುಡ್ಡೆಯ ಮೇಲೆ ಹೆಜ್ಜೆ ಅಳೆದುಕೊಂಡು ಹೋದರು. ಲೆಕ್ಕ ನಿಂತದ್ದು ಟೀಚರ ಮನೆಯ ಹಿಂದಿನ ಸಮತಟ್ಟಿನ ನಟ್ಟನಡುವೆ. ಟೀಚರ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು. ಮಾವ ಅಲ್ಲಿ ಒಂದು ಕಲ್ಲು ಇಟ್ಟು ಕೆಳಗಿಳಿದರು. ಅರ್ಧ ಗಂಟೆ ಬಿಟ್ಟು ಟೀಚರ್ ಒಂದು ಚೆಂಬು ಬೆಲ್ಲದ ನೀರು ಹಿಡಿದು ಸುರಂಗದ ಬಾಯಿಗೆ ಬಂದರು. ಮಗಳ ಕಾರು ಅವತ್ತಿನಿಂದ ಕೆಳಗಿನ ರಸ್ತೆಯಲ್ಲೇ ನಿಂತಿತು.

ಮಣ್ಣು ಸಾಗಿಸುವುದು ಹೇಗೆ ಎಂಬುದೇ ತಲೆನೋವಾಗಿತ್ತು. ಬುಟ್ಟಿ ಹೊತ್ತು ಬಗ್ಗಿ ನಡೆದರೆ ಒಂದು ಗಂಟೆಗೆ ಹತ್ತು ಬುಟ್ಟಿಯೂ ಬರುವುದಿಲ್ಲ. ಅಲ್ಲಿ ಹಳೆಯ ಟಯರು ಕೊಯ್ದು ಮಾಡಿದ ಬುಟ್ಟಿಯನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದರಂತೆ. ಇಲ್ಲಿ ಮಾವನ ಅಪ್ಪನ ಕಾಲದಲ್ಲಿ ಅಡಿಕೆ ಹಾಳೆ. ಮಾಜಿದಾ ಮನೆಯ ಮೂಲೆಯಲ್ಲಿ ಒಣಗಲು ಇಟ್ಟ ಮೀನಿನ ಪ್ಲಾಸ್ಟಿಕ್ ಬಾಕ್ಸುಗಳನ್ನು ತೋರಿಸಿ, "ಇದು ಜಾರುವುದಿಲ್ಲವಾ?" ಎಂದರು. ಜಾರಿತು! ಒದ್ದೆ ಶೇಡಿಮಣ್ಣಿನ ಮೇಲೆ ಬಾಕ್ಸು ದೋಣಿಯ ಹಾಗೆ ಹೋಗಿ ಬಂತು. ಒಳಗಿನಿಂದ ಎರಡು ಸಲ ಜಗ್ಗಿದರೆ ಮೂಸಬ್ಬಾಕ ಎಳೆಯುವುದು. ನಾನು ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಬಾಕ್ಸು ಎಣಿಸಿ ಬರೆಯುವುದು. ಮಂಗಳವಾರ ಅರುವತ್ತೆಂಟು. ಬುಧವಾರ ಎಪ್ಪತ್ತು. ಸಂಜೆ ನಿತೇಶರ ಮೈಮೇಲೆ ಬಂಗುಡೆ ಮೀನಿನ ವಾಸನೆ. ಬೆಕ್ಕು ಅವರ ಹಿಂದೆಯೇ ಮನೆಯೊಳಗೆ ಬಂತು.

ಗುರುವಾರ ಮಾವ ಕೆಲಸ ನಿಲ್ಲಿಸಿದರು. ಮಣ್ಣಿನ ಗೋಡೆಗೆ ಕಿವಿ ಇಟ್ಟಾಗ ಆಚೆ ನೀರಿನ ಸದ್ದು ಕೇಳಿತ್ತು. ಮೂರು ವಾರದಿಂದ ಕಟ್ಟಿ ನಿಂತ ನೀರು.

"ಈಗ ಹೆದರಬೇಕು" ಎಂದರು. "ಅಪ್ಪ ಆದರೆ ಮೇಲಿನಿಂದ ಮಣ್ಣು ತೆಗೆಯುತ್ತಿದ್ದರು. ಮೇಲಿನಿಂದ ತೆಗೆದರೆ ನೀರು ಒಮ್ಮೆಲೇ ನುಗ್ಗಿ ಒಳಗಿದ್ದವನನ್ನು ಎತ್ತಿ ಬಿಸಾಡ್ತದೆ. ಖಲ್ಫಾನ್ ಹಾಗೆ ಮಾಡ್ತಿರಲಿಲ್ಲ. ನೆಲದ ಹತ್ತಿರ ಸಣ್ಣ ತೂತು ಮಾಡಿ ಬಿಡುವುದು. ಉಳಿದ ಮಣ್ಣನ್ನು ನೀರೇ ತಳ್ಳಿಕೊಂಡು ಬರ್ತದೆ."

"ಮಾಡು ಮತ್ತೆ ಕುಸಿದರೆ?" ಎಂದರು ಟೀಚರ್.

"ಅದಕ್ಕೆ ಅಪ್ಪನ ಬುದ್ಧಿ."

ಗುರುವಾರ, ಶುಕ್ರವಾರ ಎರಡು ದಿನ ಅಡಿಕೆ ಮರ ಸೀಳಿ ಕಂಬ ಮಾಡಿ, ಕುಸಿದ ಜಾಗಕ್ಕೆ ಆನಿಸಿ, ಮೇಲೆ ಹಲಗೆ ಕೊಟ್ಟರು. ಸೀಳನ್ನು ಹೇಗೆ ನಿಲ್ಲಿಸಬೇಕು, ಬುಡಕ್ಕೆ ಎಷ್ಟು ಕಲ್ಲು ಗಿಡಿಯಬೇಕು ಎಂದು ಹನ್ನೊಂದನೇ ವಯಸ್ಸಿನಲ್ಲಿ ನೋಡಿದ್ದನ್ನು ಕೈ ಮರೆತಿರಲಿಲ್ಲ. ಅಲ್ಲಿ ಖರ್ಜೂರದ ಮರ ಕೊಡುತ್ತಿದ್ದರಂತೆ, ಇಲ್ಲಿ ಅಡಿಕೆ. ಎರಡೂ ತಲೆಯನ್ನು ಬಿಸಿಲಿಗೆ ಕೊಟ್ಟು ಕಾಲನ್ನು ನೀರಿನಲ್ಲಿಡುವ ಮರಗಳು ಎಂದರು ಮಾವ, ಚಾ ಕುಡಿಯುತ್ತಾ.

ಶನಿವಾರ ಬೆಳಿಗ್ಗೆ ಒಳಗೆ ಹೋಗುವಾಗ ನಿತೇಶರನ್ನು ಬರಗೊಡಲಿಲ್ಲ. "ನಿನಗೆ ಸಣ್ಣ ಮಗು ಉಂಟು. ಇದು ನನ್ನ ಕೆಲಸ." ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಒಂದು ಮೀನಿನ ಬಾಕ್ಸನ್ನು ಎದುರಿಗೆ ತಳ್ಳುತ್ತಾ, ಹಾರೆ ಹಿಡಿದು ಬಗ್ಗಿದರು. ಅತ್ತೆ ಅವರ ಬೆನ್ನಿಗೆ, "ನಮ್ಮ ಒಮಾನಿನಲ್ಲಿ ಅಂತ ಹೇಳಿಕೊಳ್ಳಲಿಕ್ಕೆ ಹಿಂದೆ ಬರಬೇಕು ನೀವು, ಗೊತ್ತಾಯ್ತಲ್ಲ" ಎಂದರು. ಸ್ವರ ಮಾತ್ರ ಗಟ್ಟಿ ಇತ್ತು. ಕೈ ನನ್ನ ಭುಜವನ್ನು ಹಿಡಿದದ್ದು ಬಿಡಲೇ ಇಲ್ಲ.

ದೀಪದ ಬೆಳಕು ಸಣ್ಣದಾಗುತ್ತಾ ಹೋಗಿ ಸಾಸಿವೆಯಷ್ಟಾಯಿತು. ಹಾರೆಯ ಸದ್ದು. ಟಕ್. ಟಕ್. ನಾನು ಮೊಬೈಲಿನಲ್ಲಿ ಗಂಟೆ ನೋಡಿದೆ, ಎಂಟೂ ಹತ್ತು. ಎಂಟೂ ಇಪ್ಪತ್ತು. ಮೂಸಬ್ಬಾಕ ಹಗ್ಗವನ್ನು ಮುಂಗೈಗೆ ಸುತ್ತಿ ಕಣ್ಣು ಮುಚ್ಚಿ ನಿಂತಿದ್ದರು. ಎಂಟೂ ಮೂವತ್ತೈದಕ್ಕೆ ಹಾರೆಯ ಸದ್ದು ನಿಂತಿತು.

ಹಗ್ಗ ಜಗ್ಗಿತು. ಒಮ್ಮೆ. ಒಮ್ಮೆ ಎಂದರೆ ನಿಲ್ಲಿಸು. ಮೂಸಬ್ಬಾಕ ಕಣ್ಣು ಬಿಟ್ಟರು. ಮತ್ತೆ ಒಂದು ಸಲ, ಕೂಡಲೇ ಇನ್ನೊಂದು ಸಲ.

"ಎಳಿ!" ಎಂದು ಕೂಗಿದ್ದು ಟೀಚರ್. ನಿತೇಶ್, ಮೂಸಬ್ಬಾಕ ಎಳೆದರು, ಟೀಚರೂ ಸೀರೆ ಸಿಕ್ಕಿಸಿ ಹಗ್ಗಕ್ಕೆ ಕೈ ಹಾಕಿದರು. ಮೊದಲು ಬಂದದ್ದು ಸದ್ದು, ತುಂಬಿದ ಬಸ್ಸು ಏರು ಹತ್ತುವ ಹಾಗೆ. ಆಮೇಲೆ ಕೆಂಪು ನೀರು, ಮೊಣಕಾಲೆತ್ತರಕ್ಕೆ. ಅದರ ಜೊತೆ ಮೀನಿನ ಬಾಕ್ಸಿನಲ್ಲಿ ಕಾಲು ಚಾಚಿ ಕೂತು, ತಲೆಯಿಂದ ಪಾದದವರೆಗೆ ಮಣ್ಣಾಗಿ, ಹಾರೆಯನ್ನು ಎದೆಗೆ ಅಪ್ಪಿಕೊಂಡು ಕೂಸಪ್ಪ ಮಾವ ಗುಡ್ಡೆಯ ಹೊಟ್ಟೆಯಿಂದ ಜಾರಿ ಹೊರಗೆ ಬಂದರು. ಹಲ್ಲು ಮಾತ್ರ ಬಿಳಿ ಕಾಣುತ್ತಿತ್ತು.

"ಕಂಬ ಗಟ್ಟಿ ನಿಂತಿದೆ" ಎಂದರು. "ಅಪ್ಪನ ಕಂಬ. ಅಲುಗಾಡಲಿಲ್ಲ."

ಲೋಲಾಕ್ಷಿ ಅತ್ತೆ ಕೆಂಪು ನೀರಿನಲ್ಲೇ ಕೂತುಬಿಟ್ಟರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ಹೇಳಲು ಬರುವುದಿಲ್ಲ, ಆಗ ನನ್ನ ಕಣ್ಣೂ ಸರಿ ಇರಲಿಲ್ಲ. ಮಗು ಮಾತ್ರ ಎರಡೂ ಕೈ ತಟ್ಟಿತು. ನಿತೇಶ್ ಮೊಬೈಲು ತೆಗೆದು ಒಂದು ಫೋಟೋ ಹೊಡೆದರು.

ಮಧ್ಯಾಹ್ನದವರೆಗೆ ನೀರು ಮಣ್ಣನ್ನು ತಳ್ಳಿಕೊಂಡು ಬಂತು, ಖಲ್ಫಾನ್ ಹೇಳಿದ್ದ ಹಾಗೆಯೇ. ಮೂರು ಗಂಟೆಗೆ ಚಾದ ಬಣ್ಣ. ಐದಕ್ಕೆ ತೊಟ್ಟಿಯ ತಳ ಕಂಡಿತು. ಟೀಚರ್ ನಮ್ಮೆಲ್ಲರ ಎದುರೇ ಫೋನು ಮಾಡಿ, "ಸೋಮವಾರ ಗಾಡಿ ಕಳಿಸಬೇಡಿ. ಇಲ್ಲ, ಮುಂದಿನ ವಾರವೂ ಬೇಡ" ಎಂದರು. ಆಮೇಲೆ ಮಾವನ ಎದುರು ನಿಂತು, "ಹೆಗ್ಗಣ ಅಂತ ಕರೀತಿದ್ದ ಮಕ್ಕಳಲ್ಲಿ ನಾನೂ ಇದ್ದೆ ಕೂಸಪ್ಪ. ನಿಮಗಿಂತ ಎರಡು ಕ್ಲಾಸು ಮೇಲೆ" ಎಂದರು.

"ಗೊತ್ತುಂಟು ಟೀಚರ್. ಎಲ್ಲರಿಗಿಂತ ಜೋರು ಸ್ವರ ನಿಮ್ಮದೇ."

ಸಂಜೆ ಕೆಳಗಿನ ಮಸೀದಿಯ ಬಾಂಗಿಗೆ ನಾವೆಲ್ಲ ತೊಟ್ಟಿಯ ಹತ್ತಿರವೇ ಇದ್ದೆವು. ಮಾವ ಮನೆಯಿಂದ ಖರ್ಜೂರ ತಂದಿದ್ದರು. ಮೂಸಬ್ಬಾಕ ಒಂದು ಖರ್ಜೂರ ಬಾಯಿಗಿಟ್ಟು, ಸುರಂಗದ ಮೊದಲ ಗ್ಲಾಸು ನೀರು ಕುಡಿದು ಉಪವಾಸ ಬಿಟ್ಟರು. ಗ್ಲಾಸು ಕೆಳಗಿಟ್ಟು ಬಾಯಿ ಒರಸಿಕೊಂಡು, "ಸ್ವಲ್ಪ ಬಂಗುಡೆ ರುಚಿ ಉಂಟು" ಎಂದರು. ಟೀಚರ್ ತಮ್ಮ ಕೊಡವನ್ನು ಎಲ್ಲರಿಗಿಂತ ಕೊನೆಗೆ ತುಂಬಿಕೊಂಡು ಹೋದರು.

ನಾನು ನನ್ನ ಕೊಡ ಇಟ್ಟು ಗಂಟೆ ನೋಡಿದೆ. ಡೈರಿಯಲ್ಲಿ ಆ ದಿನದ ಸಾಲು ಇಷ್ಟೇ: "ಒಂದು ನಿಮಿಷ ಐವತ್ತು ಸೆಕೆಂಡು. ಮಗುವಿಗೆ ಎರಡು ಸಲ ಸ್ನಾನ."

ಈಗ ಚಾವಡಿಯ ಗೋಡೆಯಲ್ಲಿ ಎರಡು ಫೋಟೋ ಉಂಟು. ಟೈ ಕಟ್ಟಿದ್ದರ ಪಕ್ಕದಲ್ಲಿ ಮೀನಿನ ಬಾಕ್ಸಿನಲ್ಲಿ ಕೂತದ್ದು, ಬಂಟ್ವಾಳದಲ್ಲಿ ಕಟ್ಟು ಹಾಕಿಸಿ ತಂದದ್ದು. ಹಳೆಯದನ್ನು ತೆಗೆಯುವ ಎಂದು ಮಾವ ಹೇಳಿದರೆ ಅತ್ತೆ ಒಪ್ಪಲಿಲ್ಲ. "ಅದರಲ್ಲಿ ನೀವು ಚಂದ ಕಾಣ್ತೀರಿ. ಇರಲಿ." ಒರಸುವುದು ಎರಡನ್ನೂ. ಮಾವ ಒಂದು ದಿನ ಹೊಸ ಫೋಟೋವನ್ನು ಮೊಬೈಲಿನಲ್ಲಿ ಖಲ್ಫಾನನ ಮಗನಿಗೆ ಕಳಿಸಿದರು. ಅಲ್ಲಿಂದ ಅರಬಿಯಲ್ಲಿ ಒಂದು ಉದ್ದದ ಮಾತು ಬಂತು, ನಗುವೇ ಹೆಚ್ಚು. ಎಂತ ಹೇಳಿದ ಎಂದು ಕೇಳಿದೆವು. "ಆ ಮೀನಿನ ಬಾಕ್ಸು ಎಲ್ಲಿ ಸಿಗ್ತದೆ ಅಂತ ಕೇಳ್ತಾನೆ" ಎಂದರು.

ಮೊನ್ನೆ ಬೆಳ್ತಂಗಡಿಯ ಕಡೆಯಿಂದ ಇಬ್ಬರು ಬೈಕಿನಲ್ಲಿ ಬಂದು ನಮ್ಮ ಅಂಗಳದಲ್ಲಿ ನಿಂತರು. "ಸುರಂಗದ ಕೂಸಪ್ಪ ಗೌಡರ ಮನೆ ಯಾವುದು?"

ಒಮಾನ್ ಕೂಸಪ್ಪ ಎಂದು ಅವರು ಕೇಳಲಿಲ್ಲ. ನಾನು ತೋರಿಸುವ ಮೊದಲೇ ಲೋಲಾಕ್ಷಿ ಅತ್ತೆ ಮೇಲಿನಿಂದ, "ಇದೇ, ಇದೇ! ಹತ್ತಿ ಬನ್ನಿ, ಬೆಲ್ಲ ನೀರು ಕೊಡ್ತೇನೆ" ಎಂದು ಕೂಗಿದರು. ಮಾವ ಎಲೆಯಡಿಕೆಯ ಡಬ್ಬಿಯನ್ನು ಬದಿಗೆ ಸರಿಸಿ ಜಗಲಿಯ ತುದಿಗೆ ಬಂದು ಕೂತರು.

"ನಿಮ್ಮ ನೀರು ಸ್ವಲ್ಪ ಸ್ವಲ್ಪವೇ ಕಮ್ಮಿಯಾದದ್ದಾ, ಒಂದೇ ದಿನಕ್ಕಾ?"

ಬಂದವರು ಮುಖ ಮುಖ ನೋಡಿಕೊಂಡರು. ಸರಿಯಾಗಿ ಗೊತ್ತಿಲ್ಲ ಎಂದರು.

"ಅದು ಗೊತ್ತಾಗಬೇಕು ಮಾರಾಯ್ರೆ" ಎಂದರು ಮಾವ. "ನಿಮ್ಮ ಮನೆಯಲ್ಲಿ ಡೈರಿ ಬರೆಯುವ ಹೆಂಗಸರು ಯಾರೂ ಇಲ್ಲವಾ?"